ಗಂಟು ಇದೆ, ಕೆಲಸ ಇಲ್ಲ: ಕಲಬುರಗಿಯ ಒಂದು ತೊಗರಿ ಹೊಲದ ಪ್ರಕರಣ

ಇದು ಕಲಬುರಗಿ ಜಿಲ್ಲೆಯ ಒಂದು ಹೊಲದ ಪ್ರಕರಣ. ಊರು, ತಾಲೂಕು, ಹೊಲದವರ ಹೆಸರು ಯಾವುದನ್ನೂ ಬರೆಯುತ್ತಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಮಾರುಕಟ್ಟೆಯಲ್ಲಿ ಒಳ್ಳೆಯ ಹೆಸರಿದೆ. ಒಂದು ಹೊಲದ ಒಂದು ಮೂಲೆ ಕೆಟ್ಟಿದೆ ಎಂಬ ಸುದ್ದಿ ಹೊರಬಿದ್ದರೆ ಇಡೀ ಊರಿನ ಮಾಲಿಗೆ ಅಡತಿ ಅಂಗಡಿಯಲ್ಲಿ ರೇಟು ಬೀಳುತ್ತದೆ. ಆ ಭಯ ಸುಳ್ಳಲ್ಲ. ಹೊಲದ ಯಜಮಾನರನ್ನು ಊರಿನವರ ಹಾಗೆ ನಾನೂ ಕಾಕಾ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಕಾಕಾರದ್ದು ಆರು ಎಕರೆ ಎರೆ ಹೊಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಚಪ್ಪಲಿ ಕಿತ್ತುಕೊಳ್ಳುವ ಕೆಸರು. ಈ ಕಡೆಯ ಎರೆ ಮಣ್ಣಿನಲ್ಲಿ ಸುಣ್ಣ ಜಾಸ್ತಿ. ನೇಗಿಲು ಹೊಡೆದರೆ ಬಿಳಿ ಸುಣ್ಣದ ಹರಳು ಮೇಲೆ ಬರುತ್ತವೆ. ಪಿಎಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಸಾಮಾನ್ಯವಾಗಿ 8ರ ಆಸುಪಾಸು, ಕೆಲವೆಡೆ ಅದಕ್ಕಿಂತ ಮೇಲೆ. ಬೋರ್‌ವೆಲ್ ಇಲ್ಲ, ಎಲ್ಲಾ ಮಳೆಯ ಮೇಲೆ. ಮುಂಗಾರಿಗೆ ತೊಗರಿ, ಅದರ ನಡುವೆ ಹೆಸರು. ಒಂದು ತುಂಡಿನಲ್ಲಿ ಹಿಂಗಾರಿಗೆ ಬಿಳಿಜೋಳ.

ಹೊಲದ ಮೂಡಣ ಮೂಲೆ ಒಂದು ನಾಲೆಗೆ, ಅಂದರೆ ಮಳೆ ನೀರಿನ ಹಳ್ಳಕ್ಕೆ, ತಾಗಿಕೊಂಡಿದೆ. ಸುಮಾರು ಮುಕ್ಕಾಲು ಎಕರೆ ಇರಬಹುದು. ಜೋರು ಮಳೆಯಾದರೆ ನಾಲೆ ತುಂಬಿ ನೀರು ಆ ಮೂಲೆಗೆ ನುಗ್ಗುತ್ತದೆ, ಒಂದೆರಡು ದಿನ ನಿಂತು ಇಳಿಯುತ್ತದೆ. ಇದು ಹಿಂದಿನಿಂದಲೂ ಹಾಗೇ. ನಾಲೆಯ ಮೇಲ್ಗಡೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ಕೆಲವು ವರ್ಷ ಒಂದು ಶೆಡ್ ನಡೆಯುತ್ತಿತ್ತು. ಕಬ್ಬಿಣದ ಪೈಪು, ಗೇಟು, ಕಂಬದ ಸಾಮಾನುಗಳಿಗೆ ತುಕ್ಕು ಹಿಡಿಯದಂತೆ ಸತುವಿನ ಲೇಪ ಕೊಡುವ ಕೆಲಸ. ಆ ಶೆಡ್ ಈಗ ಮುಚ್ಚಿದೆ. ಓದುವವರಿಗೆ ಇದನ್ನು ಮೊದಲೇ ಹೇಳಿಬಿಟ್ಟೆ. ಆದರೆ ಹೊಲ ನೋಡಲು ಕಾಕಾ ನಮ್ಮನ್ನು ಕರೆದಾಗ ಶೆಡ್ಡಿನ ಮಾತೇ ಬಂದಿರಲಿಲ್ಲ.

ತೊಗರಿಯ ವಿಷಯದಲ್ಲಿ ಒಂದು ಮಾತು ನೆನಪಿರಬೇಕು. ತೊಗರಿಗೆ ಬೇಕಾದ ಸಾರಜನಕದ ದೊಡ್ಡ ಪಾಲನ್ನು ಅದರ ಬೇರುಗಂಟಿನೊಳಗಿನ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾಗಳು ಗಾಳಿಯಿಂದಲೇ ಹಿಡಿದು ಕೊಡುತ್ತವೆ. ಅದಕ್ಕೇ ಮಳೆಯಾಶ್ರಿತ ತೊಗರಿಗೆ ಹೆಕ್ಟೇರಿಗೆ ಸುಮಾರು 25 ಕಿಲೋ ಸಾರಜನಕ ಮಾತ್ರ ಶಿಫಾರಸು ಮಾಡುತ್ತಾರೆ. ಅದೂ ಬಿತ್ತುವಾಗ, ಗಂಟು ಕಟ್ಟುವವರೆಗೆ ಗಿಡ ನಿಭಾಯಿಸಿಕೊಳ್ಳಲಿ ಎಂದು. ಆಮೇಲೆ ಗಿಡ ಗೊಬ್ಬರ ಕೇಳಬಾರದು. ಕಾಕಾರ ಮೂಲೆಯ ಗಿಡಗಳು ಕೇಳುತ್ತಲೇ ಇದ್ದವು.

ತೊಂದರೆ ಮತ್ತು ಮೊದಲ ಮದ್ದುಗಳು

ಮೂಲೆಯ ತೊಗರಿ ಮೊಣಕಾಲೆತ್ತರಕ್ಕೆ ಬಂದು ಹಳದಿಗೆ ತಿರುಗುತ್ತಿತ್ತು. ಉಳಿದ ಐದು ಎಕರೆ ಎದೆಮಟ್ಟ ಹಸಿರು. ಈ ಕಡೆ ತೊಗರಿ ಬಾಡಿತು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ನೆಟೆ ರೋಗ. ಇಲ್ಲೂ ಹಾಗೇ ಆಯಿತು. ಶಿಲೀಂಧ್ರನಾಶಕ ಬುಡಕ್ಕೆ ಸುರಿದರು. ಮುಂದಿನ ವರ್ಷ ನೆಟೆ ತಡೆಯುವ ತಳಿ ತಂದು ಬಿತ್ತಿದರು. ಏನೂ ಬದಲಾಗಲಿಲ್ಲ. ನೆಟೆ ಆಗಿದ್ದರೆ ಕಾಂಡ ಸೀಳಿದಾಗ ಒಳಗೆ ಕಂದು ಅಥವಾ ಕಪ್ಪು ಗೆರೆ ಕಾಣಬೇಕು. ಇಲ್ಲಿ ಕಾಂಡ ಒಳಗೆ ಸ್ವಚ್ಛವಾಗಿತ್ತು. ಸೀಳಿ ನೋಡಲು ಅರ್ಧ ನಿಮಿಷ ಸಾಕು, ಆದರೆ ಎರಡು ಹಂಗಾಮು ಯಾರೂ ಸೀಳಿರಲಿಲ್ಲ.

ಆಮೇಲೆ ಗೊಬ್ಬರದ ಅಂಗಡಿಯವರು ಎಲೆ ನೋಡಿ ಜಿಂಕ್, ಅಂದರೆ ಸತುವಿನ, ಕೊರತೆ ಎಂದರು. ಎರೆ ಮಣ್ಣಿಗೆ ಜಿಂಕ್ ಕೊರತೆ ಇರುವುದು ಸಾಮಾನ್ಯ, ಹಾಗಾಗಿ ಸಲಹೆ ತೀರಾ ಅಡ್ಡಾದಿಡ್ಡಿ ಅಲ್ಲ. ಜಿಂಕ್ ಸಲ್ಫೇಟ್ ಚೀಲ ಬಂತು. ಕಾಕಾ ಅದನ್ನು ಇಡೀ ಹೊಲಕ್ಕೆ ಹಾಕದೆ, ಹಳದಿ ಮೂಲೆಗೆ ಮಾತ್ರ ಎರಡು ಪಾಲು ಹಾಕಿದರು. ಮುಂದೆ ಇದನ್ನು ಓದುವಾಗ ಈ ಎರಡು ಪಾಲು ನೆನಪಿರಲಿ.

ಕೊನೆಗೆ ಯೂರಿಯಾ. ಅದು ಕೆಲಸ ಮಾಡಿತು. "ಯೂರಿಯಾ ಹಾಕಿದ್ರ ಹಸರಾಗ್ತದ್ರಿ. ಬಿಟ್ರ ಮತ್ತ ಹಳದಿ," ಎಂದರು ಕಾಕಾ. ಅವರಿಗೆ ಅದು ದೂರು. ನಮಗೆ ಅದು ಮೊದಲ ಸುಳಿವು.

ಯಾಕೆಂದರೆ ಬೇರು ಕೊಳೆತಿದ್ದರೆ, ಗಿಡಕ್ಕೇ ವಿಷ ಏರಿದ್ದರೆ, ಯೂರಿಯಾ ಹಾಕಿದರೂ ಅಷ್ಟು ಬೇಗ ಹಸಿರು ಬರುವುದಿಲ್ಲ. ಹಳದಿ ಕೂಡ ಬುಡದ ಹಳೆ ಎಲೆಗಳಿಂದ ಶುರುವಾಗಿತ್ತು. ಇದು ಸಾರಜನಕದ ಹಸಿವಿನ ಲಕ್ಷಣ. ಅಂದರೆ ಗಿಡ ಹೆಚ್ಚುಕಡಿಮೆ ಗಟ್ಟಿಯಾಗೇ ಇದೆ, ಅದಕ್ಕೆ ಸಾರಜನಕ ಕೊಡಬೇಕಾದವರು ಕೊಡುತ್ತಿಲ್ಲ. ರೋಗದ ಕಡೆ ನೋಡುವುದನ್ನು ಬಿಟ್ಟು ಬೇರುಗಂಟಿನ ಕಡೆ ತಿರುಗಿದ್ದು ಇಲ್ಲಿಂದ.

ಜೀವಾಣು ಗೊಬ್ಬರವನ್ನು ಕಾಕಾರ ಅಣ್ಣನ ಮಗ ಅದಾಗಲೇ ಪ್ರಯತ್ನಿಸಿದ್ದ. ಓದಿದ ಹುಡುಗ, ಕ್ರಮವಾಗೇ ಮಾಡಿದ್ದ. ರೈಜೋಬಿಯಂ ಪೊಟ್ಟಣವನ್ನು ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಬಿತ್ತಿದ್ದ. ಎರಡು ಮುಂಗಾರು ಮಾಡಿದರೂ ಮೂಲೆ ಹಳದಿಯೇ. ಪೊಟ್ಟಣ ಹಳೆಯದಿರಬೇಕು ಎಂದು ಊರಲ್ಲಿ ತೀರ್ಪಾಯಿತು. ಅದೇ ಪೊಟ್ಟಣದ ಬೀಜ ಉಳಿದ ಐದು ಎಕರೆಯಲ್ಲಿ ಚೆನ್ನಾಗಿ ಬಂದಿದ್ದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಗಂಟು ಒಡೆದು ನೋಡಿದ್ದು

ಬಿತ್ತಿ ಆರೇಳು ವಾರ ಆಗಿತ್ತು. ಗಂಟು ನೋಡಲು ಸರಿಯಾದ ಹೊತ್ತು. ಎರೆ ಮಣ್ಣಿನಲ್ಲಿ ತೊಗರಿ ಗಿಡವನ್ನು ಕೈಯಿಂದ ಎಳೆಯಬಾರದು. ಎಳೆದರೆ ಗಂಟೆಲ್ಲಾ ಮಣ್ಣಲ್ಲೇ ಉದುರಿ, ಬರೀ ಬೇರು ಕೈಗೆ ಬರುತ್ತದೆ. ಸುತ್ತ ಒಂದು ಗೇಣು ಬಿಟ್ಟು ಸಲಿಕೆಯಿಂದ ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮಣ್ಣು ತಾನಾಗೇ ಬಿಡುವಂತೆ ಮಾಡಬೇಕು.

ಒಳ್ಳೆಯ ಕಡೆಯ ಗಿಡದಲ್ಲಿ ಗಂಟು ದಪ್ಪ ಇದ್ದವು. ಉಗುರಿಂದ ಒಡೆದರೆ ಒಳಗೆ ನಸುಗೆಂಪು. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್ ಜಾತಿಯದೇ. ಗಂಟಿನೊಳಗಿನ ಆಮ್ಲಜನಕವನ್ನು ಅದು ಹತೋಟಿಯಲ್ಲಿಡುತ್ತದೆ, ಇಲ್ಲದಿದ್ದರೆ ಸಾರಜನಕ ಹಿಡಿಯುವ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕೆಂಪು ಕಂಡರೆ ಒಳಗೆ ಕೆಲಸ ನಡೆದಿದೆ ಎಂದರ್ಥ.

ಮೂಲೆಯ ಗಿಡದಲ್ಲಿ ಗಂಟೇ ಇರುವುದಿಲ್ಲ ಎಂದುಕೊಂಡಿದ್ದೆವು. ಆದರೆ ಇದ್ದವು. ಸಾಸಿವೆಗಿಂತ ಸ್ವಲ್ಪ ದೊಡ್ಡವು, ಅಲ್ಲಲ್ಲಿ ಚದುರಿದಂತೆ. "ಗಂಟು ಅವ ಅಲ್ರಿ, ಮತ್ತೇನು?" ಎಂದರು ಕಾಕಾ. ಒಡೆದು ತೋರಿಸಿದೆವು. ಒಳಗೆ ಬಿಳಿ. ಕೆಲವು ತಿಳಿ ಹಸಿರು. ಒಂದರಲ್ಲೂ ಕೆಂಪಿಲ್ಲ.

ಬಿಳಿ ಗಂಟು ನೋಡಿದ ಕೂಡಲೇ ನನಗೆ ನೆನಪಾದದ್ದು ಇಂಗ್ಲೆಂಡಿನ ವೋಬರ್ನ್. ಅಲ್ಲಿನ ಒಂದು ಪ್ರಯೋಗದ ಹೊಲಕ್ಕೆ 1942ರಿಂದ 1961ರವರೆಗೆ ಚರಂಡಿಯ ಕೊಳಚೆ ಗೊಬ್ಬರ ಹಾಕಿದ್ದರು. ಅದರಲ್ಲಿ ಸತು, ಕ್ಯಾಡ್ಮಿಯಂ, ತಾಮ್ರ ಇದ್ದವು. ಕೊಳಚೆ ಹಾಕುವುದು ನಿಂತು ಇಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ, 1980ರ ದಶಕದಲ್ಲಿ, ಅಲ್ಲಿ ಬಿಳಿ ಕ್ಲೋವರ್ (ತೊಗರಿಯ ಹಾಗೇ ಬೇರುಗಂಟು ಕಟ್ಟುವ ಮೇವಿನ ಗಿಡ) ಬೆಳೆಸಿ ನೋಡಿದರು. ಕ್ಲೋವರ್ ಸೊರಗಿತು. ಹೊರಗಿಂದ ಸಾರಜನಕ ಕೊಟ್ಟರೆ ಬೆಳೆಯಿತು. ಗಂಟುಗಳಿದ್ದವು, ಆದರೆ ಚಿಕ್ಕವು, ಬಿಳಿಯವು. ಆ ಮಣ್ಣಿನಲ್ಲಿ ರೈಜೋಬಿಯಂನ ಹಲವು ಬಗೆಗಳು ಅಳಿದು ಒಂದೇ ಬಗೆ ಉಳಿದಿತ್ತು. ಅದಕ್ಕೆ ಗಂಟು ಕಟ್ಟಲು ಬರುತ್ತಿತ್ತು, ಸಾರಜನಕ ಹಿಡಿಯಲು ಬರುತ್ತಿರಲಿಲ್ಲ. ಲೋಹ ತಡೆದುಕೊಂಡು ಬದುಕಿದ್ದು ಕೆಲಸಕ್ಕೆ ಬಾರದ್ದು.

ಯೂರಿಯಾಕ್ಕೆ ಹಸಿರಾಗುವ ಗಿಡ, ಬಿಳಿ ಗಂಟು, ಹೊರಗಿಂದ ತಂದ ರೈಜೋಬಿಯಂ ಸೋಲುವುದು. ಮೂರೂ ಇಲ್ಲಿಗೆ ಹೊಂದುತ್ತಿದ್ದವು. ಆದರೆ ಒಂದು ತಕರಾರಿತ್ತು. ಸುಣ್ಣದ ಎರೆ ಮಣ್ಣಿನಲ್ಲಿ ಲೋಹಗಳು ಅಷ್ಟು ಸುಲಭಕ್ಕೆ ಕಾಟ ಕೊಡುವುದಿಲ್ಲ. ಪಿಎಚ್ ಹೆಚ್ಚಿದ್ದಾಗ ಸತು ಕಾರ್ಬೊನೇಟ್ ಆಗಿ ಕೂರುತ್ತದೆ, ಜೇಡಿಗೂ ಅಂಟಿಕೊಳ್ಳುತ್ತದೆ. ಮಣ್ಣಿನ ನೀರಿಗೆ ಬರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾದರೆ ಇಲ್ಲಿ ಲೋಹ ಹೇಗೆ ಕೆಲಸ ಕೆಡಿಸಿತು?

ಹನಿ ಆಸಿಡ್

ನಮ್ಮ ಚೀಲದಲ್ಲಿ ತೆಳು ಮಾಡಿದ ಹೈಡ್ರೋಕ್ಲೋರಿಕ್ ಆಸಿಡ್ಡಿನ ಪುಟ್ಟ ಬಾಟಲಿ ಇರುತ್ತದೆ. ಮಣ್ಣಿನಲ್ಲಿ ಸುಣ್ಣ ಇದೆಯಾ ಅಂತ ನೋಡಲು. ಒಳ್ಳೆಯ ಕಡೆಯ ಹೆಂಟೆಯ ಮೇಲೆ ಎರಡು ಹನಿ ಬಿಟ್ಟೆವು. ಸುರ್ ಅಂತ ನೊರೆ ಎದ್ದಿತು. ಮೂಲೆಯ ಹೆಂಟೆಗೂ ಬಿಟ್ಟೆವು. ಹನಿ ಸುಮ್ನೆ ಇಂಗಿಹೋಯಿತು. ಇನ್ನೊಂದು ಜಾಗ, ಮತ್ತೊಂದು ಜಾಗ ನೋಡಿದೆವು. ನಾಲೆಯ ಹತ್ತಿರ ಹೋದಷ್ಟೂ ನೊರೆ ಇಲ್ಲ. ಗಡಿಯ ಹತ್ತಿರ ಒಂಚೂರು.

ಹುಡುಗ ಆಗ ಒಂದು ಮಾತು ಹೇಳಿದ. ಈ ಮೂಲೆಯಲ್ಲಿ ಈಗೀಗ ಸುಣ್ಣದ ಹರಳೂ ಸಿಗುವುದಿಲ್ಲ, ಮೊದಲು ಕುಂಟೆಗೆ ಕರಕರ ಅನ್ನುತ್ತಿತ್ತು ಎಂದ.

ಪ್ರಕರಣ ತಿರುಗಿದ್ದು ಇಲ್ಲಿ. ಎರೆ ಮಣ್ಣಿನ ಸುಣ್ಣ ತಾನಾಗೇ ಕೆಲವೇ ವರ್ಷದಲ್ಲಿ ಮಾಯವಾಗುವುದಿಲ್ಲ. ಅದನ್ನು ಆಸಿಡ್ ಮಾತ್ರ ತಿನ್ನಬಲ್ಲದು, ಅದೂ ಸಾಕಷ್ಟು ಆಸಿಡ್. ಇಲ್ಲಿಗೆ ಆಸಿಡ್ ಎಲ್ಲಿಂದ ಬಂತು ಎಂದು ಕೇಳಿದಾಗಲೇ ಶೆಡ್ಡಿನ ಮಾತು ಬಂದದ್ದು. ನಾಲೆಯ ದಂಡೆ ಹಿಡಿದು ಮೇಲೆ ನಡೆದೆವು. ಒಂದು ತಿರುವಿನಲ್ಲಿ ಕಲ್ಲುಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು. ಕೆರೆದರೆ ಪುಡಿ ಕೈಗೆ ಹತ್ತುತ್ತಿತ್ತು.

ಸತುವಿನ ಲೇಪ ಕೊಡುವ ಮೊದಲು ಕಬ್ಬಿಣವನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ತುಕ್ಕು ತೆಗೆಯುತ್ತಾರೆ. ಬಳಸಿ ಬಳಸಿ ಆ ಆಸಿಡ್ ಸೋಲುತ್ತದೆ. ಅದರಲ್ಲಿ ಕರಗಿದ ಕಬ್ಬಿಣ ಇರುತ್ತದೆ. ಹಳೆ ಲೇಪದ ಸಾಮಾನು ಮತ್ತೆ ಲೇಪಕ್ಕೆ ಬಂದಿದ್ದರೆ ಸತುವೂ ಇರುತ್ತದೆ. ಈ ಸೋತ ಆಸಿಡ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಎಲ್ಲೆಂದರಲ್ಲಿ ಚೆಲ್ಲುವ ಹಾಗಿಲ್ಲ. ರಾತ್ರಿ ಹೊತ್ತು ಟ್ರ್ಯಾಕ್ಟರ್ ಟ್ಯಾಂಕರ್ ನಾಲೆಗೆ ಇಳಿಯುತ್ತಿದ್ದುದನ್ನು ಕುರಿ ಕಾಯುವವರು ನೋಡಿದ್ದರು. ನೀರು ತುಂಬಲು ಬರುತ್ತಾರೆ ಎಂದುಕೊಂಡಿದ್ದರಂತೆ. ಬೇಸಿಗೆಯಲ್ಲಿ ಒಣ ನಾಲೆಗೆ ನೀರು ತುಂಬಲು ಯಾರು ಬರುತ್ತಾರೆ?

ಹೀಗೆ ಎರಡೂ ಕೂಡಿಬಂದವು. ಆಸಿಡ್ ಮಣ್ಣಿನ ಸುಣ್ಣ ತಿಂದು ಪಿಎಚ್ ಇಳಿಸಿತು. ಅದೇ ಆಸಿಡ್ಡಿನ ಜೊತೆ ಬಂದ ಸತು ಕೂರಲು ಸುಣ್ಣ ಇಲ್ಲದೆ ಮಣ್ಣಿನ ನೀರಿನಲ್ಲೇ ಉಳಿಯಿತು. ಅದರ ಮೇಲೆ ಅಂಗಡಿಯ ಜಿಂಕ್ ಸಲ್ಫೇಟ್, ಎರಡು ಪಾಲು.

ಚಹಾದ ಅಂಗಡಿಯಲ್ಲಿ ಈ ಮಾತು ಬಂದಾಗ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ಬೀದರಿನಲ್ಲಿ ಬಿದರಿ ಕೆಲಸದವರು ತಲೆತಲಾಂತರದಿಂದ ಸತುವನ್ನೇ ಎರಕ ಹೊಯ್ಯುತ್ತಾರೆ, ಅವರಿಗೇನಾಗಿದೆ ಎಂದು. ಬಿದರಿಯ ಲೋಹ ಬಹುಪಾಲು ಸತುವೇ, ಸ್ವಲ್ಪ ತಾಮ್ರ ಸೇರಿಸುತ್ತಾರೆ, ನಿಜ. ಆದರೆ ಹೂಜಿಯಲ್ಲಿ ಗಟ್ಟಿಯಾಗಿ ಕೂತ ಸತು ಬೇರೆ, ಆಸಿಡ್ಡಿನಲ್ಲಿ ಕರಗಿ ಮಣ್ಣಿನ ನೀರಿಗೆ ಸೇರಿದ ಸತು ಬೇರೆ. ಬ್ಯಾಕ್ಟೀರಿಯಾದೊಳಗೆ ಹೋಗುವುದು ಕರಗಿದ್ದು ಮಾತ್ರ.

ಕಾರ್ಡಿನಲ್ಲಿ ಇದ್ದದ್ದು, ಯಾರೂ ಓದದೆ ಇದ್ದದ್ದು

ಕಾಕಾರ ಬಳಿ ಮಣ್ಣು ಆರೋಗ್ಯ ಕಾರ್ಡ್ ಇತ್ತು. ಅದರ ಮಾದರಿಯನ್ನು ಹುಡುಗ ಹಳದಿ ಮೂಲೆಯಿಂದಲೇ ಕೊಟ್ಟಿದ್ದ. 2015ರಲ್ಲಿ ಶುರುವಾದ ಈ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್, ಲವಣ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಅದರಲ್ಲಿಲ್ಲ. ಆದರೆ ಸತು ಇದೆಯಲ್ಲ.

ಗಿಡಕ್ಕೆ ಸಿಗುವ ಸತು ಕಿಲೋ ಮಣ್ಣಿಗೆ 0.6 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ ಎಂದು ಲೆಕ್ಕ. ಈ ಕಾರ್ಡಿನಲ್ಲಿ ಇದ್ದ ಅಂಕಿ ಎರಡಂಕಿಯದು. ಪಕ್ಕದಲ್ಲಿ ಅಚ್ಚಾಗಿದ್ದ ಷರಾ: "ಸಾಕಷ್ಟು". ಪಿಎಚ್ ಕೂಡ ಸುತ್ತಲಿನ ಹೊಲಗಳಿಗಿಂತ ಬಹಳ ಕೆಳಗಿತ್ತು, ಅದಕ್ಕೂ ಯಾರೂ ಹುಬ್ಬೇರಿಸಿರಲಿಲ್ಲ. ಯಾಕೆಂದರೆ ಆ ಅಂಕಿ ಬೇರೆ ಕಡೆಯ ಕೆಂಪು ಮಣ್ಣಿಗೆ ಮಾಮೂಲು. ಎರೆ ಹೊಲಕ್ಕೆ ಅದು ಮಾಮೂಲಲ್ಲ.

ಕಾರ್ಡನ್ನು ಬೈಯುತ್ತಿಲ್ಲ. ಅದು ಮಾಡಿದ್ದೇ ಎಷ್ಟು ಗೊಬ್ಬರ ಹಾಕಬೇಕು ಎಂದು ಹೇಳಲು. ಏನು ಕಡಿಮೆ ಇದೆ ಎಂದು ಅದು ಹುಡುಕುತ್ತದೆ. ಜಾಸ್ತಿ ಇದ್ದರೆ ಹೇಳುವ ಕಾಲಮ್ ಅದರಲ್ಲಿಲ್ಲ. ಅಂಗಡಿಯವರು ಕಾರ್ಡ್ ಕೇಳಿ, ಆ ಒಂದು ಅಂಕಿ ಓದಿದ್ದರೆ ಜಿಂಕ್ ಚೀಲ ಮಾರುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ಎಣಿಸಿದರೆ ಎಲ್ಲಾ ಸರಿ

ಈಗ ಲ್ಯಾಬಿನ ವಿಷಯ. ಒಟ್ಟು ಸತು ಅಳೆಸಿದೆವು. ಒಳ್ಳೆಯ ಕಡೆಗಿಂತ ಹಲವು ಪಟ್ಟು ಹೆಚ್ಚು ಬಂತು. ಯುರೋಪಿನ ದೇಶಗಳು 1986ರ ಕೊಳಚೆ ನಿರ್ದೇಶನದಲ್ಲಿ ಕೃಷಿ ಮಣ್ಣಿಗೆ ಹಾಕಿಕೊಂಡ ಮಿತಿ ಕಿಲೋಗೆ 150ರಿಂದ 300 ಮಿಲಿಗ್ರಾಂ ಸತು. ಮೂಲೆಯ ನಡುಭಾಗ ಅದನ್ನು ದಾಟಿತ್ತು.

ಬ್ಯಾಕ್ಟೀರಿಯಾ ವಿಷಯದಲ್ಲಿ ಮಾತ್ರ ಮೊದಲು ಬಂದ ವರದಿ ದಾರಿ ತಪ್ಪಿಸುವಂತಿತ್ತು. ಮಣ್ಣನ್ನು ನೀರಿನಲ್ಲಿ ಕದಡಿ, ತೆಳು ಮಾಡಿ, ತಟ್ಟೆಯಲ್ಲಿ ಬೆಳೆಸಿ ಎಣಿಸುವುದು ಹಳೆಯ ಪದ್ಧತಿ. ಎಣಿಸಿದರೆ ಎರಡೂ ಮಣ್ಣಿನಲ್ಲಿ ವಸಾಹತುಗಳ (ತಟ್ಟೆಯಲ್ಲಿ ಚುಕ್ಕೆಯಾಗಿ ಕಾಣುವ ಬ್ಯಾಕ್ಟೀರಿಯಾ ಗುಂಪುಗಳ) ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಮಣ್ಣು ಸರಿ ಇದೆ ಎಂದು ಬರೆದು ಫೈಲು ಮುಚ್ಚಬಹುದಿತ್ತು.

ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಕಾಣುತ್ತಿತ್ತು. ಒಳ್ಳೆಯ ಮಣ್ಣಿನ ತಟ್ಟೆಯಲ್ಲಿ ಹಳದಿ, ಬಿಳಿ, ಗುಲಾಬಿ, ಪುಡಿಪುಡಿಯಾದವು, ಲೋಳೆಯವು, ಹೀಗೆ ತರಾವರಿ. ಮೂಲೆಯ ಮಣ್ಣಿನದರಲ್ಲಿ ಎರಡು ಮೂರು ಬಗೆಯವೇ ತಟ್ಟೆ ತುಂಬಿದ್ದವು. ಸೂಕ್ಷ್ಮವಾದವು ಸತ್ತ ಜಾಗಕ್ಕೆ ಗಟ್ಟಿಯಾದವು ಬಂದು ಕೂತಿದ್ದವು. ತಲೆ ಎಣಿಸಿದರೆ ಅಷ್ಟೇ ಇವೆ, ಅಲ್ವಾ?

ಹೀಗಾಗಲು ಕಾರಣ ಇದೆ. ಸತು ಬ್ಯಾಕ್ಟೀರಿಯಾಕ್ಕೂ ಬೇಕು, ಚಿಟಿಕೆಯಷ್ಟು. ಜಾಸ್ತಿಯಾದರೆ ಅದು ಕಿಣ್ವಗಳಲ್ಲಿ ಬೇರೆ ಲೋಹಗಳ ಜಾಗಕ್ಕೆ ನುಗ್ಗಿ ಕೂರುತ್ತದೆ, ಕಿಣ್ವ ಕೆಲಸ ಬಿಡುತ್ತದೆ. ಕೆಲವು ಬ್ಯಾಕ್ಟೀರಿಯಾಗಳಿಗೆ ಒಳಗೆ ಬಂದ ಸತುವನ್ನು ಹೊರಗೆ ತಳ್ಳುವ ಪಂಪುಗಳಿವೆ. ಬೆಲ್ಜಿಯಂನ ಒಂದು ಸತು ಕಾರ್ಖಾನೆಯ ತೊಟ್ಟಿಯಲ್ಲಿ 1970ರ ದಶಕದಲ್ಲಿ ಸಿಕ್ಕ ಕ್ಯುಪ್ರಿಯಾವಿಡಸ್ ಮೆಟಾಲಿಡ್ಯುರಾನ್ಸ್ ಇಂಥ ಪಂಪಿಗೆ ಹೆಸರುವಾಸಿ. ಅದರ ಪಂಪು ಸತು, ಕ್ಯಾಡ್ಮಿಯಂ, ಕೋಬಾಲ್ಟ್ ಮೂರನ್ನೂ ತಳ್ಳುತ್ತದೆ. ಆದರೆ ಪಂಪು ಪುಕ್ಕಟೆ ಓಡುವುದಿಲ್ಲ. ತಿಂದ ಆಹಾರದ ಶಕ್ತಿಯೆಲ್ಲ ಅದಕ್ಕೇ ಹೋದರೆ ಬೆಳೆಯಲು, ಮಣ್ಣಿನ ಕೆಲಸ ಮಾಡಲು ಉಳಿಯುವುದು ಕಡಿಮೆ.

ಹಾಗಾಗಿ ಎಣಿಸುವುದು ಬಿಟ್ಟು ಕೆಲಸ ಅಳೆಯುವ ಪರೀಕ್ಷೆ ಮಾಡಿಸಿದೆವು. ಡಿಹೈಡ್ರೋಜಿನೇಸ್ ಪರೀಕ್ಷೆ. ಬಣ್ಣವಿಲ್ಲದ ಒಂದು ರಾಸಾಯನಿಕವನ್ನು ಹಸಿ ಮಣ್ಣಿಗೆ ಬೆರೆಸಿ ಒಂದು ದಿನ ಬೆಚ್ಚಗೆ ಇಡುತ್ತಾರೆ. ಜೀವಂತ ಬ್ಯಾಕ್ಟೀರಿಯಾ ಉಸಿರಾಡುತ್ತಾ ಅದನ್ನು ಕೆಂಪು ಬಣ್ಣಕ್ಕೆ ತಿರುಗಿಸುತ್ತವೆ. ಮೆಥನಾಲ್ ಹಾಕಿ ಬಣ್ಣ ಬಿಡಿಸಿದರೆ ಎಷ್ಟು ಕೆಂಪೋ ಅಷ್ಟು ಚಟುವಟಿಕೆ. ಒಳ್ಳೆಯ ಮಣ್ಣಿನ ನಳಿಕೆ ದಾಳಿಂಬೆ ರಸದಷ್ಟು ಕೆಂಪಾಯಿತು. ಮೂಲೆಯದು ನಸುಗೆಂಪಿಗೂ ಬರಲಿಲ್ಲ. ಕಾಕಾರಿಗೆ ಎರಡು ನಳಿಕೆಯ ಫೋಟೋ ಫೋನಿಗೆ ಕಳಿಸಿದೆವು. ಅಂಕಿ ತುಂಬಿದ ವರದಿಗಿಂತ ಅವರಿಗೆ ಅದು ಅರ್ಥವಾಯಿತು.

ಲ್ಯಾಬ್ ಸಿಗದವರಿಗೆ ಇನ್ನೊಂದು ಉಪಾಯ ಇದೆ, ಅದನ್ನೂ ಮಾಡಿದೆವು. ಹಳೆಯ ಧೋತರದ ಒಂದೇ ಅಳತೆಯ ತುಂಡುಗಳನ್ನು ಎರಡೂ ಕಡೆ ನಾಲ್ಕು ಬೆರಳು ಆಳಕ್ಕೆ ಹೂತೆವು. ಶುದ್ಧ ಹತ್ತಿಯದೇ ಆಗಬೇಕು, ಟೆರಿಕಾಟ್ ನಡೆಯುವುದಿಲ್ಲ. ಮಳೆಗಾಲದ ಎರಡು ತಿಂಗಳು ಕಳೆದು ಅಗೆದರೆ ಒಳ್ಳೆಯ ಕಡೆ ಅಂಚಿನ ದಾರ ಮಾತ್ರ ಕೈಗೆ ಬಂತು. ಮೂಲೆಯ ತುಂಡು ಕೊಳೆಯಾಗಿತ್ತು, ಅಲ್ಲಲ್ಲಿ ತೂತು ಬಿದ್ದಿತ್ತು, ಆದರೆ ಹಿಡಿದು ಜಗ್ಗಿದರೆ ಹರಿಯಲಿಲ್ಲ. ಅಲ್ಲಿ ಕಳೆದ ವರ್ಷದ ತೊಗರಿ ಎಲೆ ಕೂಡ ಕೊಳೆಯದೆ ಮಣ್ಣಲ್ಲಿ ಹಾಗೇ ಸಿಗುತ್ತಿತ್ತು.

ಏನು ಮಾಡುವುದು ಎಂಬ ಜಗಳ

ಮೂರು ಸಲಹೆಗಳು ಬಂದವು, ಮೂರೂ ಬೇರೆ ಬೇರೆ ಬಾಯಿಂದ.

ಕಾಕಾರ ಅಣ್ಣನದು ಸುಲಭದ ಸಲಹೆ. ಮೇಲಿನ ಮಣ್ಣು ಜೆಸಿಬಿಯಿಂದ ಎತ್ತಿಸಿ ಇಟ್ಟಿಗೆ ಭಟ್ಟಿಗೆ ಕೊಟ್ಟುಬಿಡಿ, ದುಡ್ಡೂ ಬರುತ್ತದೆ ಎಂದು. ಕಾಕಾ ಒಪ್ಪಲಿಲ್ಲ. ಭಟ್ಟಿಯವರು ಬೇಡವಾದ ಮಣ್ಣನ್ನು ಯಾರದೋ ಹೊಲದ ಬದುವಿಗೆ ಸುರಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ತೀರ್ಮಾನ ಇದು.

ಎರಡನೆಯದು, ಸೂರ್ಯಕಾಂತಿ ಅಥವಾ ಸಾಸಿವೆ ಬೆಳೆಸಿ ಲೋಹ ಹೀರಿಸುವುದು. ವಿಡಿಯೋಗಳಲ್ಲಿ ಇದಕ್ಕೆ ಭಾರಿ ಪ್ರಚಾರ. ಹುಡುಗನಿಗೆ ಇದರ ಮೇಲೆ ಮನಸ್ಸಿತ್ತು. ಕೂತು ಲೆಕ್ಕ ಹಾಕಿದೆವು. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತದೆ. ಕಿಲೋಗೆ 300 ಮಿಲಿಗ್ರಾಂ ಸತು ಜಾಸ್ತಿ ಇದೆ ಎಂದುಕೊಂಡರೆ, ತೆಗೆಯಬೇಕಾದದ್ದು 240 ಕಿಲೋ ಸತು. ಬೆಳೆಯ ಒಣ ಸೊಪ್ಪು ಕಡ್ಡಿ ಎಲ್ಲಾ ಸೇರಿ ಎಕರೆಗೆ 4 ಟನ್, ಅದರಲ್ಲಿ ಕಿಲೋಗೆ 500 ಮಿಲಿಗ್ರಾಂ ಸತು ಏರಿತು ಎಂದು ಉದಾರವಾಗಿ ಹಿಡಿಯಿರಿ. ವರ್ಷಕ್ಕೆ 2 ಕಿಲೋ. 120 ವರ್ಷ ಬೇಕು. ಹುಡುಗ ಫೋನ್ ಕ್ಯಾಲ್ಕುಲೇಟರಲ್ಲಿ ಎರಡು ಸಲ ಒತ್ತಿ ನೋಡಿ ಸುಮ್ಮನಾದ.

ಮೂರನೆಯದು ನಮ್ಮದು. ಸುಣ್ಣ ವಾಪಸ್ ಕೊಡುವುದು, ತಿಪ್ಪೆ ಗೊಬ್ಬರ ಹಾಕುವುದು, ಹೊಸ ನೀರು ಬರದಂತೆ ಒಡ್ಡು ಎತ್ತರಿಸುವುದು. ಕಾಕಾ ನಕ್ಕರು. "ಎರಿ ಹೊಲಕ್ಕ ಯಾರರೆ ಸುಣ್ಣ ಹಾಕ್ತಾರೇನ್ರಿ?" ಸರಿಯಾದ ನಗು ಅದು. ಮಲೆನಾಡಿನ ಹುಳಿ ಮಣ್ಣಿಗೆ ಹಾಕುವುದನ್ನು ಕಲಬುರಗಿಯಲ್ಲಿ ಹೇಳಿದರೆ ಯಾರಾದರೂ ನಗುತ್ತಾರೆ. ಮತ್ತೆ ಬಾಟಲಿ ತೆಗೆದು ಎರಡು ಕಡೆ ಹನಿ ಬಿಟ್ಟು ತೋರಿಸಿದ ಮೇಲೆ ಒಪ್ಪಿದರು.

ಸುಣ್ಣಕ್ಕೆ ದೂರ ಹೋಗಬೇಕಿರಲಿಲ್ಲ. ಶಹಾಬಾದ್ ಫರ್ಸಿ ಎಂದರೆ ಸುಣ್ಣದ ಕಲ್ಲೇ. ಪಾಲಿಶ್ ಮಾಡುವ ಕಡೆ ಅದರ ಪುಡಿ ರಾಶಿ ಬಿದ್ದಿರುತ್ತದೆ. ತರುವ ಮೊದಲು ಅದಕ್ಕೂ ಹನಿ ಆಸಿಡ್ ಬಿಟ್ಟು, ಲೋಹ ಪರೀಕ್ಷೆಯನ್ನೂ ಮಾಡಿಸಿದೆವು. ಸಿಮೆಂಟ್ ಕಾರ್ಖಾನೆಯ ಭಟ್ಟಿಯ ಧೂಳು ಅಗ್ಗಕ್ಕೆ ಸಿಗುತ್ತದೆ ಎಂದು ಒಬ್ಬರು ಹೇಳಿದರು. ಅದರಲ್ಲೇ ಬೇರೆ ಲೋಹ ಇರಬಹುದು ಎಂದು ಬಿಟ್ಟೆವು. ನಗರದ ಕಸದ ಗೊಬ್ಬರವೂ ಬೇಡವೆಂದೆವು. ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಅದಕ್ಕೆ ಕಿಲೋಗೆ 1000 ಮಿಲಿಗ್ರಾಂವರೆಗೆ ಸತು ಇರಲು ಅವಕಾಶ ಇದೆ. ಒಳ್ಳೆಯ ಹೊಲಕ್ಕೆ ಅದು ಸರಿಯಿರಬಹುದು, ಈ ಮೂಲೆಗಲ್ಲ.

ಒಂದು ಮಾತನ್ನು ಕಾಕಾರಿಗೆ ಬಿಡಿಸಿ ಹೇಳಿದೆವು. ಸುಣ್ಣ ಹಾಕಿದರೆ ಸತು ಹೊಲ ಬಿಟ್ಟು ಹೋಗುವುದಿಲ್ಲ, ಕರಗದಂತೆ ಕೂರುತ್ತದೆ ಅಷ್ಟೇ. ನಾಳೆ ಮತ್ತೆ ಆಸಿಡ್ ಬಂದರೆ ಮತ್ತೆ ಏಳುತ್ತದೆ.

ಪುಂಡಿಯ ವಿಷಯ

ಇದಕ್ಕಿಂತ ಕಷ್ಟವಾದದ್ದು ಕಾಕಿಯನ್ನು ಒಪ್ಪಿಸುವುದು. ನಾಲೆಯ ಹಸಿಗೆ ಆ ಮೂಲೆಯಲ್ಲೇ ಅವರು ಪುಂಡಿ, ಮೆಂತ್ಯ ಹಾಕುತ್ತಿದ್ದರು. ಸತುವಿನ ಜೊತೆ ಕ್ಯಾಡ್ಮಿಯಂ ಬರುವುದು ಹೊಸದಲ್ಲ, ಸತುವಿನ ಅದಿರಿನಲ್ಲೇ ಅದು ಸೇರಿಕೊಂಡಿರುತ್ತದೆ. ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಕಾಳುಗಳಿಗಿಂತ ಸಲೀಸಾಗಿ ಹೀರುತ್ತವೆ. ಗಿಡ ನೋಡಲು ಚೆನ್ನಾಗೇ ಇರುತ್ತದೆ, ರುಚಿಯಲ್ಲೂ ತಿಳಿಯುವುದಿಲ್ಲ. "ಇಷ್ಟ ವರ್ಷ ತಿಂದೀವಿ, ನಮಗೇನಾಗ್ಯದ?" ಎಂದು ಅವರು ಕೇಳಿದ್ದಕ್ಕೆ ಹೆದರಿಸುವ ಉತ್ತರ ಕೊಡಲು ನಮಗೆ ಮನಸ್ಸಿರಲಿಲ್ಲ. ವರದಿ ಬರುವವರೆಗೆ ಬೇರೆ ಕಡೆ ಹಾಕಿ ಎಂದಷ್ಟೇ ಕೇಳಿಕೊಂಡೆವು. ಮನೆಯ ಹಿತ್ತಲಿಗೆ ಬದಲಿಸಿದರು. ವರದಿಯಲ್ಲಿ ನಡುಭಾಗದ ಸೊಪ್ಪಿನ ಬಗ್ಗೆ ಅನುಮಾನಕ್ಕೆ ಜಾಗ ಇತ್ತು, ಹಾಗಾಗಿ ಹಿತ್ತಲೇ ಕಾಯಂ ಆಯಿತು. ಕಾಳಿನ ಮಾದರಿಯಲ್ಲಿ ತೊಂದರೆ ಕಾಣಲಿಲ್ಲ.

ಆದದ್ದು

ಮೂಲೆಯನ್ನು ಪಟ್ಟಿಗಳಾಗಿ ಮಾಡಿ ಒಂದಕ್ಕೆ ಸುಣ್ಣದ ಪುಡಿ, ಒಂದಕ್ಕೆ ತಿಪ್ಪೆ ಗೊಬ್ಬರ, ಒಂದಕ್ಕೆ ಎರಡೂ ಹಾಕಿ, ಒಂದನ್ನು ಹಾಗೇ ಬಿಟ್ಟೆವು. ಎಲ್ಲಕ್ಕೂ ರೈಜೋಬಿಯಂ ಲೇಪಿಸಿದ ಬೀಜ. ಮೊದಲ ಮುಂಗಾರಿನಲ್ಲಿ ಕಣ್ಣಿಗೆ ಕಾಣುವಂಥದ್ದೇನೂ ಆಗಲಿಲ್ಲ. ಕಲ್ಲಿನ ಪುಡಿ ಕರಗಲು ಹೊತ್ತು ಬೇಕು. ಕಾಕಾ ಬೇಸತ್ತು ಮತ್ತೆ ಯೂರಿಯಾ ಹಾಕಲು ಹೊರಟಿದ್ದರು. ಹುಡುಗ ತಡೆದ. ಯೂರಿಯಾ ಹಾಕಿದರೆ ಗಂಟು ಕಟ್ಟಲು ಗಿಡಕ್ಕೇ ಮನಸ್ಸಿರುವುದಿಲ್ಲ, ಪ್ರಯೋಗ ಕೆಡುತ್ತದೆ ಎಂದು.

ಎರಡನೆಯ ಮುಂಗಾರಿನಲ್ಲಿ ಎರಡೂ ಹಾಕಿದ ಪಟ್ಟಿಯ ಗಡಿಭಾಗದಲ್ಲಿ ಕೆಂಪು ಗಂಟು ಸಿಕ್ಕವು. ಸುಣ್ಣ ಮಾತ್ರ ಹಾಕಿದಲ್ಲಿ ಅಲ್ಲೊಂದು ಇಲ್ಲೊಂದು. ಗೊಬ್ಬರ ಮಾತ್ರ ಹಾಕಿದಲ್ಲಿ ಅದಕ್ಕೂ ಕಡಿಮೆ. ಹಾಗೇ ಬಿಟ್ಟಲ್ಲಿ ಮೊದಲಿನ ಬಿಳಿ ಗಂಟುಗಳೇ. ನಾಲೆಗೆ ತೀರಾ ಹತ್ತಿರದ ಭಾಗದಲ್ಲಿ ಯಾವ ಪಟ್ಟಿಯಲ್ಲೂ ಕೆಂಪಿಲ್ಲ.

ಒಬ್ಬ ವಿದ್ಯಾರ್ಥಿ ಆ ಬಿಳಿ ಗಂಟುಗಳಿಂದಲೇ ಬ್ಯಾಕ್ಟೀರಿಯಾ ತೆಗೆದು ಬೆಳೆಸಿದ. ಸತು ತಡೆದುಕೊಳ್ಳುವ ಸ್ಥಳೀಯ ತಳಿ ಸಿಕ್ಕರೆ ಅದನ್ನೇ ಬೀಜಕ್ಕೆ ಲೇಪಿಸಬಹುದು ಎಂಬ ಆಸೆ. ತಡೆದುಕೊಂಡವು ಸಿಕ್ಕವು. ಕುಂಡದಲ್ಲಿ ತೊಗರಿಗೆ ಕೊಟ್ಟರೆ ಮತ್ತೆ ಬಿಳಿ ಗಂಟನ್ನೇ ಕಟ್ಟಿದವು. ಗಡಿಭಾಗದ ಕೆಂಪು ಗಂಟಿನವು ಹೆಚ್ಚು ಉಪಯೋಗದವು. ಅವುಗಳ ತಡೆಯುವ ಶಕ್ತಿ ಮಧ್ಯಮ, ಆದರೆ ಕೆಲಸ ಮಾಡುತ್ತವೆ. ಅವುಗಳ ಮೇಲೆ ಅವನ ಕೆಲಸ ನಡೆದಿದೆ.

ದೂರು ಕೊಟ್ಟದ್ದಾಗಿದೆ. ಶೆಡ್ ಮುಚ್ಚಿರುವುದರಿಂದ ಪರಿಹಾರ ಯಾರಿಂದ ಎಂಬುದು ಕಾಗದದಲ್ಲೇ ಸುತ್ತುತ್ತಿದೆ. ದೂರಿಗೆ ಬಲ ಕೊಟ್ಟದ್ದು ನೊರೆ ಬಾರದ ಮಣ್ಣಿನ ವಿಡಿಯೋ ಮತ್ತು ಹಳೆಯ ಕಾರ್ಡು, ಏಕೆಂದರೆ ಕಾರ್ಡಿನಲ್ಲಿ ತಾರೀಕು ಇದೆ.

ಈಗ ಮೂಲೆಯ ಹೊರ ಅಂಚಿಗೆ ತೊಗರಿ, ಪ್ರತಿ ವರ್ಷ ತಪ್ಪದೆ ಬೀಜೋಪಚಾರ. ನಡುಭಾಗಕ್ಕೆ ಹತ್ತಿ, ತಿನ್ನುವ ಬೆಳೆ ಬೇಡವೆಂದು. ನಾಲೆಯ ದಂಡೆಗೆ ಹತ್ತಿದ ಕೆಲವು ಗುಂಟೆಯಲ್ಲಿ ಬೇವು ಹಚ್ಚಿದ್ದಾರೆ. ಸುಣ್ಣದ ಪುಡಿ ಇನ್ನೊಂದು ಸುತ್ತು ಬೇಕೋ ಬೇಡವೋ ಎಂಬುದು ಬಿತ್ತನೆಗೆ ಮೊದಲು ಪಿಎಚ್ ನೋಡಿ ತೀರ್ಮಾನವಾಗುತ್ತದೆ. ನಾಲೆಯ ಕೆಳಗಿನ ಹೊಲದವರೂ ಈಗ ಗಿಡ ಅಗೆದು ಗಂಟು ಒಡೆದು ನೋಡಿದ್ದಾರೆ. ಅವರಲ್ಲಿ ನೊರೆ ಬರುತ್ತದೆ, ಗಂಟು ಅರ್ಧ ಕೆಂಪು ಅರ್ಧ ಬಿಳಿ. ಅವರ ಮಣ್ಣನ್ನೂ ಕಾಕಾರ ಮಾದರಿಯ ಜೊತೆಗೇ ಲ್ಯಾಬಿಗೆ ಕಳಿಸುತ್ತಿದ್ದೇವೆ. ಸತು ಒಂದೇ ಅಲ್ಲ, ಕ್ಯಾಡ್ಮಿಯಂ ಮತ್ತು ಸೀಸ ಕೂಡ ನೋಡಿ ಎಂದು ಚೀಟಿಯಲ್ಲಿ ಬರೆದಿದ್ದೇವೆ.